ದೂರಿನಿಂದ ದೋಷವರದಿಗೆ: ಸ್ವಯಂಸೇವಾ ತಂತ್ರಾಂಶ ಮತ್ತು ಕನ್ನಡ ವಿಭಾಗಗಳ ಹೊಣೆ

ಕನ್ನಡ ಮತ್ತು ತಂತ್ರಜ್ಞಾನ ಎಂಬ ವಿಷಯವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ನಡೆಯುತ್ತವೆ. ಗಣಕಯಂತ್ರದಲ್ಲಿ ಕನ್ನಡ ಬೆಳೆಯದಿದ್ದರೆ ಭಾಷೆಗೆ ಉಳಿವಿಲ್ಲ ಎಂಬ ಆತಂಕದ ನೆಲೆ ಒಂದು. ಸರ್ಕಾರ ಮತ್ತು ಅಕಾಡೆಮಿಗಳು ಏನು ಮಾಡಬೇಕು ಎಂಬ ಬೇಡಿಕೆಯ ನೆಲೆ ಇನ್ನೊಂದು. ಇವೆರಡರ ನಡುವೆ ಅತ್ಯಂತ ಸಾಮಾನ್ಯವಾದ ಒಂದು ಪ್ರಶ್ನೆ ಚರ್ಚೆಗೆ ಬಾರದೆ ಉಳಿದಿದೆ. ಪರದೆಯ ಮೇಲೆ ಕನ್ನಡ ತಪ್ಪಾಗಿ ಮೂಡಿದಾಗ ಅದನ್ನು ಕಂಡವರು ಯಾರಿಗೆ ತಿಳಿಸಬೇಕು, ಯಾವ ಮಾತಿನಲ್ಲಿ ತಿಳಿಸಬೇಕು, ತಿಳಿಸಿದ ಮೇಲೆ ಅದು ಏನಾಗುತ್ತದೆ ಎಂಬುದೇ ಆ ಪ್ರಶ್ನೆ.

ನಾವು ದಿನನಿತ್ಯ ಬಳಸುವ ತಂತ್ರಾಂಶಗಳಲ್ಲಿ ಗಣನೀಯ ಭಾಗವನ್ನು ಸ್ವಯಂಸೇವಕರು ಕಟ್ಟಿದ್ದಾರೆ. ಡೆಬಿಯನ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮೊದಲಾದವುಗಳ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇವುಗಳಲ್ಲಿ ಕೆಲವಕ್ಕೆ ಸಂಸ್ಥೆಗಳ ಹಣದ ಬೆಂಬಲವಿದ್ದರೂ ಬಹಳಷ್ಟು ಕೆಲಸ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನಡೆಯುತ್ತದೆ. ಇಲ್ಲಿ ಗ್ರಾಹಕ ಮತ್ತು ಮಾರಾಟಗಾರ ಎಂಬ ಸಂಬಂಧವಿಲ್ಲ. ಆದ್ದರಿಂದ ಬಳಕೆದಾರನು ಕಳಿಸುವ ದೋಷವರದಿ ಮತ್ತು ನೆರವಿನ ಕೋರಿಕೆಗಳನ್ನು ಗ್ರಾಹಕನ ಹಕ್ಕೊತ್ತಾಯವೆಂದು ಕರೆಯಲಾಗದು, ಬರಿಯ ಯಾಚನೆಯೆಂದೂ ಕರೆಯಲಾಗದು. ಅವು ಒಂದು ಸಾಮುದಾಯಿಕ ಗ್ರಂಥದ ಅಂಚಿನಲ್ಲಿ ಓದುಗನು ಬರೆಯುವ ಟಿಪ್ಪಣಿಗಳು. ಈ ಟಿಪ್ಪಣಿಯನ್ನು ಸರಿಯಾಗಿ ಬರೆಯುವುದು ಮತ್ತು ಬರೆಯಿಸುವುದು ವಿದ್ವತ್ತಿನ ಕೆಲಸವೆಂದೂ, ಕನ್ನಡದ ಮಟ್ಟಿಗೆ ಅದನ್ನು ಕನ್ನಡ ವಿಭಾಗಗಳು ವಹಿಸಿಕೊಳ್ಳಬೇಕೆಂದೂ ವಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ದೋಷವನ್ನು ಬಚ್ಚಿಡದ ಪರಂಪರೆ

ತಂತ್ರಾಂಶದ ದೋಷವನ್ನು ಇಂಗ್ಲಿಷಿನಲ್ಲಿ ‘ಬಗ್’, ಅಂದರೆ ಹುಳು ಎನ್ನುತ್ತಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್-2 ಯಂತ್ರದೊಳಗೆ ಸಿಕ್ಕಿದ ಒಂದು ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟ ಪ್ರಸಂಗ ಪ್ರಸಿದ್ಧವಾಗಿದೆ. ಯಂತ್ರದ ತೊಡಕನ್ನು ಈ ಹೆಸರಿನಿಂದ ಕರೆಯುವ ರೂಢಿ ಅದಕ್ಕಿಂತ ಹಳೆಯದು. ಎಡಿಸನ್ನನ 1878ರ ಪತ್ರದಲ್ಲಿಯೇ ಅದು ಕಾಣುತ್ತದೆ. ಇಲ್ಲಿ ಮುಖ್ಯವಾದದ್ದು ಹುಳು ಸಿಕ್ಕಿತೆಂಬುದಲ್ಲ. ಸಿಕ್ಕಿದ ದೋಷವನ್ನು ಎಸೆಯದೆ ದಿನ, ಸಮಯಗಳೊಡನೆ ದಾಖಲಿಸಿದರೆಂಬುದು ಮುಖ್ಯ.

ಈ ದಾಖಲೆಯ ಶಿಸ್ತನ್ನು ಪಾಂಡಿತ್ಯದ ಮಟ್ಟಕ್ಕೆ ಏರಿಸಿದವರು ಡೊನಾಲ್ಡ್ ಕ್ನೂತ್. ಅಕ್ಷರಜೋಡಣೆಗಾಗಿ ತಾವು ರಚಿಸಿದ ‘ಟೆಕ್’ ತಂತ್ರಾಂಶದಲ್ಲಿ 1978ರಿಂದ ಹತ್ತು ವರ್ಷಗಳ ಕಾಲ ಕಂಡುಬಂದ ದೋಷಗಳನ್ನೆಲ್ಲ ಅವರು ಬರೆದಿಟ್ಟರು. 850ಕ್ಕೂ ಮಿಕ್ಕ ಆ ದೋಷಗಳನ್ನು 15 ವರ್ಗಗಳಾಗಿ ವಿಂಗಡಿಸಿ 1989ರಲ್ಲಿ ಒಂದು ಸಂಶೋಧನ ಲೇಖನವನ್ನೇ ಪ್ರಕಟಿಸಿದರು. ತಮ್ಮ ಪುಸ್ತಕಗಳಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ಕನ್ನು ಕಳಿಸುವ ಪದ್ಧತಿಯನ್ನು ಅವರು ಇಟ್ಟುಕೊಂಡಿದ್ದರು. ಪಡೆದವರಲ್ಲಿ ಅನೇಕರು ಆ ಚೆಕ್ಕನ್ನು ನಗದಾಗಿಸದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ತಪ್ಪು ತೋರಿಸಿದವನು ಶತ್ರುವಲ್ಲ, ಸಹಕರ್ತೃ ಎಂಬ ಭಾವನೆ ಈ ಸಣ್ಣ ಮೊತ್ತದ ಹಿಂದೆ ಇದೆ.

ಕ್ನೂತ್ ಅವರದು ವ್ಯಕ್ತಿಯೊಬ್ಬರ ಶಿಸ್ತಾದರೆ, 1993ರಲ್ಲಿ ಆರಂಭವಾದ ಡೆಬಿಯನ್ ಅದನ್ನು ಸಮುದಾಯದ ಕಟ್ಟಳೆಯಾಗಿಸಿತು. ದೋಷಗಳನ್ನು ಬಚ್ಚಿಡುವುದಿಲ್ಲ, ದೋಷಗಳ ಇಡೀ ಪಟ್ಟಿಯನ್ನು ಸದಾಕಾಲ ಸಾರ್ವಜನಿಕರ ನೋಟಕ್ಕೆ ತೆರೆದಿಡುತ್ತೇವೆ ಎಂಬ ಆಶಯವನ್ನು 1997ರಲ್ಲಿ ಅಂಗೀಕರಿಸಿದ ಅದರ ‘ಸಾಮಾಜಿಕ ಒಪ್ಪಂದ’ದಲ್ಲಿ ಸೇರಿಸಲಾಯಿತು. ಅಲ್ಲಿ ಪ್ರತಿಯೊಂದು ವರದಿಗೂ ಒಂದು ಸಂಖ್ಯೆ, ಪ್ರತಿಯೊಂದಕ್ಕೂ ತೀವ್ರತೆಯ ಒಂದು ದರ್ಜೆ ಇರುತ್ತದೆ. ಇಡೀ ವ್ಯವಸ್ಥೆಯನ್ನು ಕೆಡಿಸುವ ದೋಷದಿಂದ ಹಿಡಿದು ‘ಹೀಗಿದ್ದರೆ ಚೆನ್ನಿತ್ತು’ ಎಂಬ ಬರಿಯ ಹಾರೈಕೆಯವರೆಗೆ ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಈ ಸಂಖ್ಯೆಗಳು ಈಗ ಹತ್ತು ಲಕ್ಷವನ್ನು ದಾಟಿವೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ತನ್ನ ತಪ್ಪುಗಳನ್ನು ತಾನೇ ಬಹಿರಂಗವಾಗಿ ದಾಖಲಿಸಿಕೊಂಡ ಬರಹಸಮುದಾಯ ಇನ್ನೊಂದು ಇರುವುದು ಅಪರೂಪ.

ಕನ್ನಡ ವಿದ್ಯಾರ್ಥಿಗೆ ಈ ಮನೋಧರ್ಮ ಹೊಸದಾಗಿ ತೋರಬೇಕಾಗಿಲ್ಲ. ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷ ಮತ್ತು ಅದೋಷಗಳ ನಿರ್ಣಯಕ್ಕೆ ಮೀಸಲಾಗಿದೆ. ಕಣ್ಣು ತನ್ನ ಕಾಡಿಗೆಯನ್ನು ತಾನು ಕಾಣಲಾರದಂತೆ ಕವಿ ತನ್ನ ದೋಷವನ್ನು ತಾನು ಕಾಣಲಾರನೆಂಬ ತಿಳಿವು ಅಲ್ಲಿದೆ. ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಆಳದಲ್ಲಿ ಅಡಗಿರಲಾರದು ಎಂದು ಎರಿಕ್ ರೇಮಂಡ್ 1997ರಲ್ಲಿ ಮಂಡಿಸಿ ಲೈನಸ್ ಟೊರ್ವಾಲ್ಡ್ಸ್ ಹೆಸರಿನಲ್ಲಿ ಕರೆದ ಸೂತ್ರದ ತಿರುಳೂ ಇದೇ ಆಗಿದೆ. ನಮ್ಮ ಓಲೆಗರಿಗಳ ಕೊನೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಲಿಪಿಕಾರರು ಮಾಡಿಕೊಂಡ ವಿನಂತಿಗಳು, ಮುದ್ರಿತ ಗ್ರಂಥಗಳ ಕೊನೆಗೆ ಅಂಟಿಸಿದ ತಪ್ಪು-ಒಪ್ಪುಗಳ ಪುಟಗಳು, ಸಂಪಾದಿತ ಕೃತಿಗಳ ಅಡಿಯಲ್ಲಿರುವ ಪಾಠಾಂತರಗಳು, ಇವೆಲ್ಲವೂ ಇದೇ ಕುಲಕ್ಕೆ ಸೇರಿದ ಬರಹಗಳು. ಹೀಗಿದ್ದೂ ಪರದೆಯ ಮೇಲಿನ ಕನ್ನಡದ ವಿಷಯದಲ್ಲಿ ನಮ್ಮ ವಿದ್ವಾಂಸರು ಬಹುತೇಕ ಮೌನವಾಗಿದ್ದಾರೆ. ಈ ಮೌನಕ್ಕೆ ಕಾರಣಗಳನ್ನು ಹುಡುಕಬೇಕಾಗಿದೆ.

2. ದೂರು ಮತ್ತು ವರದಿ

‘ಕನ್ನಡ ಸರಿಯಾಗಿ ಬರುತ್ತಿಲ್ಲ’, ‘ಅಕ್ಷರ ಒಡೆದುಹೋಗುತ್ತದೆ’, ‘ಒತ್ತು ತಪ್ಪಾಗಿದೆ’. ಇವು ಬಳಕೆದಾರರಿಂದ ನಾವು ಮತ್ತೆ ಮತ್ತೆ ಕೇಳುವ ಮಾತುಗಳು. ಇವು ದೂರುಗಳೇ ಹೊರತು ವರದಿಗಳಲ್ಲ. ದೂರಿನಲ್ಲಿ ಅಸಮಾಧಾನವಿರುತ್ತದೆ, ವರದಿಯಲ್ಲಿ ಸಾಕ್ಷ್ಯವಿರುತ್ತದೆ. ‘ಪುಟ್ಟಿ’ ಎಂಬ ತಂತ್ರಾಂಶದ ಕರ್ತೃ ಸೈಮನ್ ಟೇಥಮ್ 1999ರಲ್ಲಿ ದೋಷವರದಿಯ ಬರವಣಿಗೆಯನ್ನು ಕುರಿತು ಬರೆದ ಪ್ರಬಂಧ ಈ ಕ್ಷೇತ್ರದಲ್ಲಿ ಬಹುಮಾನ್ಯವಾಗಿದೆ. ಅದರ ಸಾರ ಸರಳವಾದುದು: ತಂತ್ರಾಂಶ ಸೋಲುವುದನ್ನು ಅದರ ಕರ್ತೃ ತನ್ನ ಕಣ್ಣಾರೆ ಕಾಣುವಂತೆ ಮಾಡಬೇಕು, ಅದು ಸಾಧ್ಯವಾಗದಿದ್ದರೆ ತಾನೇ ಅದನ್ನು ಮತ್ತೆ ಸೋಲಿಸಿ ನೋಡಲು ಬೇಕಾದಷ್ಟು ವಿವರ ಕೊಡಬೇಕು, ತನ್ನ ಊಹೆಯನ್ನು ಹೇಳುವ ಮೊದಲು ಕಂಡದ್ದನ್ನು ಕಂಡಂತೆ ಹೇಳಬೇಕು. ಕಂಡದ್ದು ಮತ್ತು ಊಹಿಸಿದ್ದು, ಇವೆರಡನ್ನೂ ಬೇರ್ಪಡಿಸುವ ಈ ಶಿಸ್ತನ್ನೇ ನಾವು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿಯುತ್ತೇವೆ. ಹಸ್ತಪ್ರತಿಯಲ್ಲಿರುವ ಪಾಠ ಒಂದು, ಸಂಪಾದಕನು ಊಹಿಸಿದ ಪಾಠ ಇನ್ನೊಂದು. ಎರಡನ್ನೂ ಬೆರೆಸುವುದು ಅಪರಾಧ.

ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. ‘ಸಾಫ್ಟ್‌ವೇರ್’ ಎಂಬ ಪದವನ್ನು ಬರೆಯುವಾಗ ಅರ್ಧಾಕ್ಷರವಾದ ಟಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆಯ ಸಂಕೇತವನ್ನು ಇಡಬೇಕಾಗುತ್ತದೆ. ಆಗ ಮಾತ್ರ ಟಕಾರ ತನ್ನಷ್ಟಕ್ಕೆ ನಿಂತು ವಕಾರ ಪಕ್ಕದಲ್ಲಿ ಬರುತ್ತದೆ. ಆ ಸಂಕೇತವಿಲ್ಲದಿದ್ದರೆ ವಕಾರ ಟಕಾರದ ಕೆಳಗೆ ಒತ್ತಾಗಿ ಇಳಿದು ಪದ ‘ಸಾಫ್ಟ್ವೇರ್’ ಎಂದಾಗುತ್ತದೆ. ಕಾಣದ ಸಂಕೇತಗಳನ್ನು ಕಸವೆಂದು ಭಾವಿಸಿ ತೆಗೆದುಹಾಕುವ ತಂತ್ರಾಂಶಗಳಿವೆ. ಅಂಥ ಕಡೆ ಬಳಕೆದಾರನು ಸರಿಯಾಗಿ ಬರೆದುದು ಉಳಿಸುವ ಹೊತ್ತಿಗೆ ತಪ್ಪಾಗಿರುತ್ತದೆ. ಇದನ್ನು ‘ಕನ್ನಡ ಒಡೆಯುತ್ತಿದೆ’ ಎಂದು ತಿಳಿಸಿದರೆ ಕನ್ನಡ ಬಾರದ ತಂತ್ರಜ್ಞನಿಗೆ ಏನೂ ತಿಳಿಯದು. ಇಂಥ ಪದವನ್ನು ಇಂಥ ಸಂಕೇತಗಳ ಅನುಕ್ರಮದಲ್ಲಿ ಬರೆದೆ, ಉಳಿಸಿ ಮತ್ತೆ ತೆರೆದಾಗ ನಡುವಿನ ಇಂಥ ಸಂಕೇತ ಇಲ್ಲವಾಗಿದೆ, ಆದಕಾರಣ ಪಕ್ಕದಲ್ಲಿರಬೇಕಾದ ವ್ಯಂಜನ ಒತ್ತಾಗಿ ಬಂದಿದೆ, ತಂತ್ರಾಂಶದ ಆವೃತ್ತಿ ಇದು, ಅಕ್ಷರಶೈಲಿ ಇದು, ಸರಿಯಾದ ರೂಪದ ಚಿತ್ರ ಹೀಗಿದೆ ಎಂದು ಬರೆದರೆ ಕನ್ನಡದ ಒಂದಕ್ಷರವೂ ಬಾರದವನು ಅದನ್ನು ಸರಿಪಡಿಸಬಲ್ಲ.

ಅರ್ಕಾವೊತ್ತಿನ ಸಮಸ್ಯೆಯೂ ಇಂಥದೇ. ‘ಸೂರ್ಯ’ ಎಂಬ ಪದದಲ್ಲಿ ರೇಫವನ್ನು ಅರ್ಕಾವೊತ್ತಾಗಿ ಬರೆಯಬಹುದು, ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿಯೂ ಇಡಬಹುದು. ಎರಡೂ ಕನ್ನಡ ಬರವಣಿಗೆಯಲ್ಲಿ ಕಂಡುಬರುವ ರೂಪಗಳು. ಯೂನಿಕೋಡ್‌ನಲ್ಲಿ ಎರಡನೆಯ ರೂಪವನ್ನು ಪಡೆಯಲು ರಕಾರದ ಬಳಿಕ ಕಾಣದ ಒಂದು ಜೋಡಣೆಯ ಸಂಕೇತ ಬೇಕು. ಯಾವುದು ದೋಷ, ಯಾವುದು ಲೇಖಕನ ಆಯ್ಕೆ ಎಂಬುದನ್ನು ತಂತ್ರಜ್ಞನು ನಿರ್ಧರಿಸಲಾರ. ಅದನ್ನು ಹೇಳಬೇಕಾದವನು ಲಿಪಿಯ ಚರಿತ್ರೆಯನ್ನು ಬಲ್ಲವನು.

ಮೊಜಿಲ್ಲಾ ಯೋಜನೆ 1998ರಲ್ಲಿ ರೂಪಿಸಿದ ‘ಬಗ್‌ಜಿಲ್ಲಾ’ ಎಂಬ ದೋಷದಾಖಲೆಯ ವ್ಯವಸ್ಥೆಯಲ್ಲಿ ವರದಿಯೊಂದನ್ನು ಮುಚ್ಚಲು ಬಳಸುವ ಕೆಲವು ಮುದ್ರೆಗಳಿವೆ: ಸರಿಪಡಿಸಲಾಗಿದೆ, ಸಿಂಧುವಲ್ಲ, ಸರಿಪಡಿಸುವುದಿಲ್ಲ, ಈಗಾಗಲೇ ಬಂದಿದೆ, ನನ್ನಲ್ಲಿ ಸರಿಯಾಗಿದೆ. ಇವುಗಳಲ್ಲಿ ಕೊನೆಯದು ನಮ್ಮ ಚರ್ಚೆಗೆ ಅತ್ಯಂತ ಮುಖ್ಯ. ಇಂಗ್ಲಿಷಿನ ದೋಷದ ವಿಷಯದಲ್ಲಿ ‘ನನ್ನಲ್ಲಿ ಸರಿಯಾಗಿದೆ’ ಎಂಬುದು ಪರೀಕ್ಷೆಯ ಫಲಿತಾಂಶ. ಕನ್ನಡದ ದೋಷದ ವಿಷಯದಲ್ಲಿ ಕನ್ನಡ ಓದಲಾರದವನು ಅದೇ ಮುದ್ರೆಯನ್ನೊತ್ತಿದರೆ ಅದಕ್ಕೆ ಅರ್ಥವಿಲ್ಲ. ಅವನ ಕಣ್ಣಿಗೆ ಮೇಲಿನ ಎರಡು ‘ಸಾಫ್ಟ್‌ವೇರ್’ಗಳೂ ಒಂದೇ. ಇದು ದುರುದ್ದೇಶವಲ್ಲ, ಓದಿನ ಮಿತಿ.

ಈ ಮಿತಿಯನ್ನು ದಾಟಲು ಅವರು ಕಂಡುಕೊಂಡ ದಾರಿಯೂ ಗಮನಾರ್ಹವಾಗಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರಗಳನ್ನು ಜೋಡಿಸಿ ರೂಪ ಕೊಡುವ ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶವನ್ನು ಬೆಳೆಸಿದವರು ಭಾರತೀಯ ಲಿಪಿಗಳ ವಿಷಯದಲ್ಲಿ ತಮ್ಮ ಫಲಿತಾಂಶವನ್ನು ಮೈಕ್ರೋಸಾಫ್ಟ್‌ನ ‘ಯೂನಿಸ್ಕ್ರೈಬ್’ ತಂತ್ರಾಂಶದ ಫಲಿತಾಂಶದೊಡನೆ ಹೋಲಿಸಿ ನೋಡಿದರು. ಪ್ರಾಮಾಣಿಕವಾದ ಪರಿಶ್ರಮ ಇದು; ಇಂದು ಇಷ್ಟು ಕಡೆ ಕನ್ನಡ ಸರಿಯಾಗಿ ಕಾಣುತ್ತಿರುವುದಕ್ಕೆ ನಾವು ಅವರಿಗೆ ಋಣಿಗಳು. ಆದರೆ ‘ಸರಿ’ಯ ಪ್ರಮಾಣ ಅಲ್ಲಿ ಇನ್ನೊಂದು ಯಂತ್ರವಾಗಿತ್ತು. ಒಂದು ಹಸ್ತಪ್ರತಿಯನ್ನು ಇನ್ನೊಂದು ಹಸ್ತಪ್ರತಿಯೊಡನೆ ಮಾತ್ರ ಹೋಲಿಸಿದರೆ ಎರಡರಲ್ಲೂ ಸಮಾನವಾಗಿರುವ ತಪ್ಪು ಕಾಣಿಸದು ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಆ ಜಾಗದಲ್ಲಿ ಓದುಗನಿರಬೇಕಿತ್ತು. ಕನ್ನಡ ಓದಬಲ್ಲ, ಓದಿದ್ದನ್ನು ವಿವರಿಸಬಲ್ಲ ಓದುಗ.

3. ಕೇಳುವವರ ಭಾಷೆ

ಕನ್ನಡದ ಬಳಕೆದಾರ ವರದಿ ಮಾಡುವುದಿಲ್ಲವೇಕೆ ಎಂಬ ಪ್ರಶ್ನೆಗೆ ‘ಇಂಗ್ಲಿಷ್ ಬಾರದು’ ಎಂಬುದು ಸುಲಭದ ಉತ್ತರ. ಅದು ಪೂರ್ಣ ಉತ್ತರವಲ್ಲ. ಸ್ವಯಂಸೇವಾ ಯೋಜನೆಗಳಲ್ಲಿ ನೆರವು ಕೇಳುವುದಕ್ಕೂ ಒಂದು ಅಲಿಖಿತ ಶಿಷ್ಟಾಚಾರವಿದೆ. ರೇಮಂಡ್ ಮತ್ತು ರಿಕ್ ಮೊಯೆನ್ 2001ರಲ್ಲಿ ಅದನ್ನು ಲಿಖಿತ ರೂಪಕ್ಕೆ ತಂದರು. ಕೇಳುವ ಮೊದಲು ತಾನೇ ಹುಡುಕಬೇಕು, ಕೈಪಿಡಿ ಓದಿರಬೇಕು, ಏನೇನು ಪ್ರಯತ್ನಿಸಿದೆನೆಂದು ಹೇಳಬೇಕು, ಶೀರ್ಷಿಕೆಯಲ್ಲಿಯೇ ವಿಷಯ ತಿಳಿಯುವಂತಿರಬೇಕು. ಈ ಸಲಹೆಗಳು ಯೋಗ್ಯವಾದುವೇ ಆಗಿವೆ. ಆದರೆ ಇವು ಹೊಣೆಯನ್ನೆಲ್ಲ ಕೇಳುವವನ ಮೇಲೆ ಹೊರಿಸುತ್ತವೆ, ಕೇಳುವವನು ಒಂದು ನಿರ್ದಿಷ್ಟ ಸಂಸ್ಕೃತಿಯ ಒಳಗಿನವನೆಂದು ಮೊದಲೇ ಭಾವಿಸುತ್ತವೆ.

ಕನ್ನಡದಲ್ಲಿ ಗೌರವ ಕ್ರಿಯಾಪದದೊಳಗೇ ಅಡಕವಾಗಿದೆ. ‘ಪರಿಹಾರ ತಿಳಿಸಿ’ ಎಂದರೆ ಬಹುವಚನದ ಪ್ರತ್ಯಯವೇ ವಿನಯವನ್ನು ಹೊತ್ತಿರುತ್ತದೆ. ಬೇರೆ ಪದ ಬೇಕಾಗದು. ಅದನ್ನೇ ಇಂಗ್ಲಿಷಿಗೆ ತಿರುಗಿಸಿದಾಗ ಪ್ರತ್ಯಯ ಉದುರಿ ಅಪ್ಪಣೆ ಉಳಿಯುತ್ತದೆ. ಓದುವವನಿಗೆ ಕೇಳಿದವನು ಒರಟನೆಂದು ತೋರುತ್ತದೆ. ನಾವು ತರಗತಿಯಲ್ಲಿ ‘ಒಂದು ಸಂದೇಹವಿದೆ ಸರ್’ ಎನ್ನುತ್ತೇವೆ. ಅದರ ಅರ್ಥ ‘ಒಂದು ಪ್ರಶ್ನೆಯಿದೆ’ ಎಂದಷ್ಟೆ. ಅದು ಭಾರತೀಯ ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಎ ಡೌಟ್’ ಆಗುತ್ತದೆ. ಅಮೆರಿಕದ ಅಥವಾ ಯುರೋಪಿನ ಸ್ವಯಂಸೇವಕನಿಗೆ ಇದು ತನ್ನ ಕೆಲಸದ ಮೇಲಿನ ಅಪನಂಬಿಕೆಯಾಗಿ ಕೇಳಿಸುತ್ತದೆ. ಉತ್ತರ ಚುರುಕಾಗಿ, ಕೆಲವೊಮ್ಮೆ ಕಟುವಾಗಿ ಬರುತ್ತದೆ: ‘ಕೈಪಿಡಿ ಓದು’. ಕೇಳಿದವನು ಮತ್ತೆಂದೂ ಕೇಳುವುದಿಲ್ಲ. ಹೀಗೆ ವ್ಯಾಕರಣದ ಒಂದು ಪ್ರತ್ಯಯದ ಅಂತರದಲ್ಲಿ ಒಂದು ದೋಷ ದಾಖಲಾಗದೆ ಉಳಿಯುತ್ತದೆ.

ಇದಲ್ಲದೆ ತಪ್ಪನ್ನು ತನ್ನದೆಂದೇ ಭಾವಿಸುವ ಸ್ವಭಾವವೂ ನಮ್ಮ ಬಳಕೆದಾರರಲ್ಲಿದೆ. ಪರದೆಯಲ್ಲಿ ಅಕ್ಷರ ಕೆಟ್ಟರೆ ‘ನನಗೆ ಟೈಪು ಮಾಡಲು ಬರಲಿಲ್ಲ’ ಎಂದುಕೊಳ್ಳುವವರೇ ಹೆಚ್ಚು. ಯಂತ್ರ ಇಂಗ್ಲಿಷಿನದು, ಅದರಲ್ಲಿ ಕನ್ನಡಕ್ಕೆ ಸಿಕ್ಕಷ್ಟು ಜಾಗವೇ ಭಾಗ್ಯ ಎಂಬ ಹಿಂಜರಿಕೆ ಇದರ ಹಿಂದಿದೆ. ದೋಷವರದಿ ಬರೆಯುವುದೆಂದರೆ ಆ ಹಿಂಜರಿಕೆಯನ್ನು ಬಿಟ್ಟು ‘ಇದು ನನ್ನ ಭಾಷೆ, ಅದು ಹೀಗಿರಬೇಕು’ ಎಂದು ಆಧಾರಸಹಿತವಾಗಿ ಹೇಳುವುದು.

4. ಕೇಳಿಸಿಕೊಳ್ಳುವವರ ದಣಿವು

ಇಷ್ಟು ಹೇಳಿ ನಿಲ್ಲಿಸಿದರೆ ವಿಷಯದ ಒಂದು ಮುಖವನ್ನಷ್ಟೇ ನೋಡಿದಂತಾಗುತ್ತದೆ. ವರದಿಯನ್ನು ಪಡೆಯುವವರ ಸ್ಥಿತಿಯನ್ನೂ ನೋಡಬೇಕು. ಸ್ವಯಂಸೇವಾ ತಂತ್ರಾಂಶಗಳಲ್ಲಿ ನಿಜವಾಗಿ ವಿರಳವಾದದ್ದು ಸಂಕೇತವಲ್ಲ, ಅದನ್ನು ನೋಡಿಕೊಳ್ಳುವವರ ಗಮನ ಎಂಬ ವಾದವನ್ನು ನಾಡಿಯಾ ಎಗ್ಬಾಲ್ 2020ರಲ್ಲಿ ಪ್ರಕಟವಾದ ‘ವರ್ಕಿಂಗ್ ಇನ್ ಪಬ್ಲಿಕ್’ ಕೃತಿಯಲ್ಲಿ ಮಂಡಿಸಿದ್ದಾರೆ. ಬರೆಯುವವರು ಸಾವಿರ, ಓದುವವನು ಒಬ್ಬ. ಪ್ರತಿಯೊಂದು ಅರೆಬರೆ ವರದಿಯೂ ಅವನ ಒಂದು ಸಂಜೆಯನ್ನು ತಿನ್ನುತ್ತದೆ.

ಈ ದಣಿವಿನ ಪರಿಣಾಮ ಎಷ್ಟು ಗಂಭೀರವಾಗಿರಬಲ್ಲದು ಎಂಬುದಕ್ಕೆ 2024ರ ‘ಎಕ್ಸ್‌ಝಡ್’ ಪ್ರಕರಣ ಸಾಕ್ಷಿ. ಕಡತಗಳನ್ನು ಸಂಕುಚಿತಗೊಳಿಸುವ ಈ ಪುಟ್ಟ ತಂತ್ರಾಂಶ ಲಿನಕ್ಸ್ ವ್ಯವಸ್ಥೆಗಳಲ್ಲೆಲ್ಲ ಹರಡಿಕೊಂಡಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಬಹುಮಟ್ಟಿಗೆ ಒಬ್ಬರೇ ಸ್ವಯಂಸೇವಕರು. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳಿಂದ ಅವರಿಗೆ ಬಹಿರಂಗವಾಗಿ ಒತ್ತಡದ ಪತ್ರಗಳು ಬಂದವು. ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ವಹಿಸಿಕೊಡಿ ಎಂಬುದು ಅವುಗಳ ಧ್ವನಿ. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದೂ ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಅವರು ಉತ್ತರಿಸಬೇಕಾಯಿತು. ಅದೇ ವೇಳೆಗೆ ನೆರವಾಗಲು ಮುಂದೆ ಬಂದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ಕ್ರಮೇಣ ನಂಬಿಕೆ ಗಳಿಸಿ, 2024ರ ಆರಂಭದ ಆವೃತ್ತಿಗಳಲ್ಲಿ ಗುಪ್ತವಾದ ಹಿಂಬಾಗಿಲೊಂದನ್ನು ಸೇರಿಸಿದ. ಒತ್ತಡದ ಪತ್ರಗಳೂ ಅದೇ ಸಂಚಿನ ಭಾಗವೆಂದು ವ್ಯಾಪಕವಾಗಿ ಶಂಕಿಸಲಾಗಿದೆ. ಅಂದರೆ ಇಲ್ಲಿ ದೂರೇ ಆಯುಧವಾಗಿತ್ತು.

ಅದನ್ನು ಬಯಲಿಗೆ ತಂದದ್ದು ಒಂದು ವರದಿ. ಆಂದ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುವುದನ್ನು ಗಮನಿಸಿದರು. ಅದನ್ನು ನಿರ್ಲಕ್ಷಿಸದೆ ಬೆನ್ನುಹತ್ತಿ, ಕಂಡದ್ದನ್ನು ಹಂತಹಂತವಾಗಿ ಬರೆದು 2024ರ ಮಾರ್ಚ್ 29ರಂದು ಪ್ರಕಟಿಸಿದರು. ದೂರು ಒಬ್ಬ ಸ್ವಯಂಸೇವಕನನ್ನು ಬಗ್ಗಿಸಿತು. ವರದಿ ಅಸಂಖ್ಯ ಗಣಕಗಳನ್ನು ಕಾಪಾಡಿತು. ಇವೆರಡರ ನಡುವಣ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೆ ಬೇಕಾಗಿಲ್ಲ.

ಇತ್ತೀಚೆಗೆ ಇನ್ನೊಂದು ಹೊರೆ ಸೇರಿದೆ. ‘ಕರ್ಲ್’ ತಂತ್ರಾಂಶದ ನಿರ್ವಾಹಕರಾದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರು, ಕೃತಕ ಬುದ್ಧಿಮತ್ತೆಯಿಂದ ಬರೆಯಿಸಿದ ಸುಳ್ಳು ದೋಷವರದಿಗಳ ಬಗ್ಗೆ 2024ರ ಜನವರಿಯಿಂದ ಸಾರ್ವಜನಿಕವಾಗಿ ಬರೆಯುತ್ತ ಬಂದಿದ್ದಾರೆ. ಅವುಗಳ ಭಾಷೆ ಶುದ್ಧವಾಗಿದೆ, ವಿನಯವಿದೆ, ವಿನ್ಯಾಸವಿದೆ. ಒಳಗೆ ದೋಷವೇ ಇಲ್ಲ. ಅದು ಇಲ್ಲವೆಂದು ಸಾಧಿಸಲು ಮನುಷ್ಯನೊಬ್ಬನು ಗಂಟೆಗಟ್ಟಲೆ ವ್ಯಯಿಸಬೇಕು. ಈ ವಿದ್ಯಮಾನ ನಮಗೂ ಒಂದು ಎಚ್ಚರಿಕೆ. ಇಂಗ್ಲಿಷಿನ ತೊಡಕನ್ನು ಇನ್ನು ಯಂತ್ರವೇ ನಿವಾರಿಸುತ್ತದೆ, ಕನ್ನಡದ ದೂರನ್ನು ಅದು ಒಳ್ಳೆಯ ಇಂಗ್ಲಿಷಿಗೆ ತಿರುಗಿಸಿಕೊಡುತ್ತದೆ ಎಂದು ಕೆಲವರು ಸಮಾಧಾನಪಡಬಹುದು. ಯಂತ್ರ ಭಾಷೆಯನ್ನು ತಿದ್ದಿಕೊಡಬಲ್ಲದು, ನೋಡದಿದ್ದುದನ್ನು ನೋಡಿಕೊಡಲಾರದು. ಒತ್ತು ಎಲ್ಲಿ ಬಿದ್ದಿದೆ, ಎಲ್ಲಿರಬೇಕಿತ್ತು ಎಂಬುದನ್ನು ಕಂಡ ಕಣ್ಣು ಮೊದಲು ಬೇಕು.

5. ತಿದ್ದಲಾಗದ ಒಂದು ತಪ್ಪು

ಸಕಾಲದಲ್ಲಿ ಬಲ್ಲವರ ಕಣ್ಣು ಬೀಳದಿದ್ದರೆ ಏನಾಗುತ್ತದೆ ಎಂಬುದನ್ನು ಯೂನಿಕೋಡ್‌ನ ಒಂದು ನಿದರ್ಶನ ತೋರಿಸುತ್ತದೆ. ಯೂನಿಕೋಡ್ ತಂತ್ರಾಂಶವಲ್ಲ, ಲಿಪಿಸಂಕೇತಗಳ ಮಾನಕ. ಅದನ್ನು ನಡೆಸುವುದು ದೊಡ್ಡ ಕಂಪನಿಗಳು ಸದಸ್ಯರಾಗಿರುವ ಒಕ್ಕೂಟ. ಆದರೆ ಮೇಲೆ ಹೇಳಿದ ತಂತ್ರಾಂಶಗಳೆಲ್ಲ ಅದರ ಮೇಲೆಯೇ ನಿಂತಿವೆ, ಅದಕ್ಕೂ ಯಾರು ಬೇಕಾದರೂ ದೋಷಗಳನ್ನು ತಿಳಿಸಬಹುದು.

ಹಳಗನ್ನಡದ ಓದುಗರೆಲ್ಲರೂ ಬಲ್ಲ ೞಕಾರಕ್ಕೆ ಯೂನಿಕೋಡ್‌ನಲ್ಲಿ 0ಸಿಡಿಇ ಎಂಬ ಸಂಕೇತಸ್ಥಾನವಿದೆ. ಕೇಶಿರಾಜನು ಕುಳ, ಕ್ಷಳಗಳಿಂದ ಬೇರ್ಪಡಿಸಿ ಎಚ್ಚರಿಕೆಯಿಂದ ವಿವೇಚಿಸಿದ ಅಕ್ಷರವಿದು. ತಮಿಳು, ಮಲಯಾಳಗಳಲ್ಲಿ ಇದರ ಸೋದರಾಕ್ಷರ ಇಂದಿಗೂ ಜೀವಂತವಾಗಿದೆ. ಅಲ್ಲಿಯ ಅಕ್ಷರಗಳಿಗೆ ಯೂನಿಕೋಡ್ ಸರಿಯಾದ ಹೆಸರನ್ನೇ ಕೊಟ್ಟಿದೆ. ಕನ್ನಡದ ೞಕಾರಕ್ಕೆ ಮಾತ್ರ ‘ಕನ್ನಡ ಲೆಟರ್ ಫ’ ಎಂಬ ಹೆಸರು ಬಿದ್ದಿದೆ. ಅಂದರೆ ದ್ರಾವಿಡ ಭಾಷೆಗಳ ವಿಶಿಷ್ಟ ಧ್ವನಿಯೊಂದು ಇಂಗ್ಲಿಷಿನ ಎಫ್ ಧ್ವನಿಯ ಹೆಸರನ್ನು ಹೊತ್ತು ನಿಂತಿದೆ. ತಪ್ಪೆಂದು ತಿಳಿದ ಮೇಲೂ ಅದನ್ನು ಬದಲಿಸಲಾಗಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ಮಾನಕದ ಸ್ಥಿರತೆಯ ನಿಯಮ. ಹೆಸರು ತಪ್ಪಾಗಿದೆ ಎಂಬ ಟಿಪ್ಪಣಿಯನ್ನೂ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿಯೂ ಸೇರಿಸಲಾಗಿದೆ. ಮೂಲಪಾಠ ತಪ್ಪು, ಶುದ್ಧಪಾಠ ಅಡಿಟಿಪ್ಪಣಿಯಲ್ಲಿ! ಹಳಗನ್ನಡದ ಸಾಮಾನ್ಯ ವಿದ್ಯಾರ್ಥಿಯೊಬ್ಬನು ಆ ಪಟ್ಟಿಯನ್ನು ಸಕಾಲದಲ್ಲಿ ನೋಡಿದ್ದರೆ ಕ್ಷಣಮಾತ್ರದಲ್ಲಿ ಹಿಡಿಯಬಹುದಾಗಿದ್ದ ತಪ್ಪು ಇದು.

ಇದಕ್ಕೆ ಪ್ರತಿಯಾಗಿ ಭರವಸೆಯ ನಿದರ್ಶನವೂ ಇದೆ. ಹಳಗನ್ನಡ ಬರಹಗಳಲ್ಲಿ ಕಾಣುವ ‘ನಕಾರ ಪೊಲ್ಲು’ ಬಹುಕಾಲ ಯೂನಿಕೋಡ್‌ನಲ್ಲಿ ಇರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಬಂದ 14ನೆಯ ಆವೃತ್ತಿಯಲ್ಲಿ ಅದು ಸೇರಿತು. ಹೊಸ ಅಕ್ಷರವೊಂದು ಸೇರಬೇಕಾದರೆ ಅದರ ಬಳಕೆಗೆ ಆಧಾರಗಳನ್ನು ಒದಗಿಸಿ, ಇತರ ರೂಪಗಳಿಂದ ಅದು ಹೇಗೆ ಭಿನ್ನವೆಂದು ತೋರಿಸುವ ಪ್ರಸ್ತಾವವನ್ನು ಸಲ್ಲಿಸಬೇಕಾಗುತ್ತದೆ. ಇದಕ್ಕೆ ಬೇಕಾದುದು ಶಾಸನ, ಹಸ್ತಪ್ರತಿ, ಹಳೆಯ ಮುದ್ರಣಗಳ ಪರಿಚಯ. ಅಂದರೆ ನಮ್ಮ ವಿಭಾಗಗಳ ಗ್ರಂಥಭಂಡಾರದಲ್ಲಿರುವ ಸಾಮಗ್ರಿ, ನಮ್ಮ ಪಠ್ಯಕ್ರಮದಲ್ಲಿರುವ ವಿದ್ಯೆ.

6. ವಿಭಾಗಗಳು ಮಾಡಬಹುದಾದುದು

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು. ಒಂದು ಕಡೆ ದೋಷವನ್ನು ಕಂಡರೂ ಹೇಳಲು ಹಿಂಜರಿಯುವ ಕನ್ನಡ ಬಳಕೆದಾರನಿದ್ದಾನೆ. ಇನ್ನೊಂದು ಕಡೆ ತಿದ್ದಲು ಸಿದ್ಧನಿದ್ದರೂ ಕನ್ನಡ ಓದಲಾರದ, ಅಸ್ಪಷ್ಟ ದೂರುಗಳಿಂದ ದಣಿದ ಸ್ವಯಂಸೇವಕನಿದ್ದಾನೆ. ಇವರಿಬ್ಬರ ನಡುವೆ ದೂರನ್ನು ಪಡೆದು, ಪರೀಕ್ಷಿಸಿ, ವರದಿಯಾಗಿ ಪರಿವರ್ತಿಸಿ, ಬಂದ ಉತ್ತರವನ್ನು ಕನ್ನಡದಲ್ಲಿ ಹಿಂತಿರುಗಿಸುವ ಮಧ್ಯದ ಕೆಲಸ ಬೇಕಾಗಿದೆ. ಕನ್ನಡದ ಅಕ್ಷರಶೈಲಿಗಳನ್ನು ರೂಪಿಸಿದ, ತಂತ್ರಾಂಶಗಳನ್ನು ಅನುವಾದಿಸಿದ ಕೆಲವು ಉತ್ಸಾಹಿಗಳು ಈ ಕೆಲಸವನ್ನೂ ತಮ್ಮ ಹೆಗಲ ಮೇಲೆ ಹೊತ್ತಿದ್ದಾರೆ. ಅವರೂ ಸ್ವಯಂಸೇವಕರೇ. ಅವರ ದಣಿವಿನ ಮೇಲೆ ಒಂದು ಭಾಷೆಯ ಭವಿಷ್ಯವನ್ನು ನಿಲ್ಲಿಸುವುದು ನ್ಯಾಯವಲ್ಲ.

ವಿಭಾಗಗಳು ಇದನ್ನು ದೊಡ್ಡ ಯೋಜನೆಯಾಗಿ ಕೈಗೊಳ್ಳಬೇಕಾಗಿಲ್ಲ. ಗ್ರಂಥಸಂಪಾದನೆಯ ಪತ್ರಿಕೆಯ ಪ್ರಾಯೋಗಿಕ ಭಾಗವಾಗಿ ಪ್ರತಿಯೊಬ್ಬ ಎಂ.ಎ. ವಿದ್ಯಾರ್ಥಿಯೂ ಒಂದು ದೋಷವನ್ನು ಹುಡುಕಿ, ಅದು ಈಗಾಗಲೇ ದಾಖಲಾಗಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ವರದಿಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿದ್ಧಪಡಿಸಬಹುದು. ಅಧ್ಯಾಪಕರು ನೋಡಿ ಒಪ್ಪಿದ ವರದಿ ಮಾತ್ರ ಹೊರಗೆ ಹೋಗಬೇಕು. ಇಲ್ಲವಾದರೆ ನಾವೂ ಸ್ವಯಂಸೇವಕರ ಹೊರೆಯನ್ನು ಹೆಚ್ಚಿಸಿದಂತಾಗುತ್ತದೆ. ವಿಭಾಗದಲ್ಲಿ ಒಂದು ದಾಖಲೆ ಪುಸ್ತಕವಿದ್ದು, ವರದಿಗೆ ಬಂದ ಉತ್ತರ, ಆದ ತಿದ್ದುಪಡಿಗಳನ್ನು ಮುಂದಿನ ವರ್ಷದ ವಿದ್ಯಾರ್ಥಿಗಳು ಅಲ್ಲಿಂದ ಮುಂದುವರಿಸಬಹುದು. ಇದಕ್ಕಿಂತಲೂ ಉಪಯುಕ್ತವಾದದ್ದು ಒಂದು ಪರೀಕ್ಷಾಪದಗಳ ಸಂಗ್ರಹ. ಎರಡು, ಮೂರು ಒತ್ತುಗಳು ಸೇರುವ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳು, ಅರ್ಕಾವೊತ್ತಿನ ಎರಡೂ ರೂಪಗಳು, ಱಕಾರ ಮತ್ತು ೞಕಾರಗಳಿರುವ ಹಳಗನ್ನಡ ಪದಗಳು, ಅನ್ಯದೇಶ್ಯ ಪದಗಳು, ಪ್ರತಿಯೊಂದಕ್ಕೂ ಸರಿಯಾದ ರೂಪದ ಚಿತ್ರ ಮತ್ತು ಒಂದು ಸಾಲಿನ ಸಮರ್ಥನೆ. ಕನ್ನಡ ಬಾರದ ತಂತ್ರಜ್ಞನಿಗೆ ಇದು ಸಿಕ್ಕರೆ ‘ನನ್ನಲ್ಲಿ ಸರಿಯಾಗಿದೆ’ ಎಂಬ ಮಾತಿಗೆ ಮೊದಲ ಬಾರಿ ಅರ್ಥ ಬರುತ್ತದೆ.

ಇದಕ್ಕೆ ಆಕ್ಷೇಪಗಳು ಬರಬಹುದು. ಇದು ಸಾಹಿತ್ಯ ವಿಭಾಗದ ಕೆಲಸವಲ್ಲ ಎಂಬುದು ಮೊದಲನೆಯದು. ಲಿಪಿ, ಪಾಠ, ಶುದ್ಧಿಗಳು ನಮ್ಮ ವಿಷಯವಲ್ಲವಾದರೆ ಇನ್ನಾರ ವಿಷಯ? ಓಲೆಗರಿಯಿಂದ ಮುದ್ರಣಕ್ಕೆ ಕನ್ನಡ ಸಾಗಿದಾಗ ವಿದ್ವಾಂಸರು ದೂರ ನಿಂತಿದ್ದರೆ ಇಂದು ನಮಗೆ ಪಂಪ, ರನ್ನರ ಪರಿಷ್ಕೃತ ಪಾಠಗಳಿರುತ್ತಿರಲಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ಮುಕ್ತ ತಂತ್ರಾಂಶವನ್ನು ಬಳಸಿ ದೊಡ್ಡ ಕಂಪನಿಗಳು ಲಾಭ ಗಳಿಸುವಾಗ ನಾವೇಕೆ ಬಿಟ್ಟಿ ದುಡಿಯಬೇಕು? ಇಲ್ಲಿ ವಿವೇಕ ಬೇಕು. ಕಂಪನಿಯೊಂದು ಮಾರುವ ಉತ್ಪನ್ನದ ದೋಷವನ್ನು ಗ್ರಾಹಕರಾಗಿ ಒತ್ತಾಯಿಸಿ ಸರಿಪಡಿಸಿಕೊಳ್ಳಬೇಕು. ಮುಕ್ತ ತಂತ್ರಾಂಶದಲ್ಲಿ ಆದ ತಿದ್ದುಪಡಿಯಾದರೋ ಎಲ್ಲರ ಆಸ್ತಿಯಾಗಿ ಉಳಿಯುತ್ತದೆ. ಅದನ್ನು ಯಾವ ಕಂಪನಿಯೂ ನಮ್ಮಿಂದ ಹಿಂಪಡೆಯಲಾರದು. ಅಲ್ಲದೆ ಈ ಕೆಲಸ ಬಿಟ್ಟಿಯಾಗಿರಬೇಕೆಂದು ನಾನು ಹೇಳುತ್ತಿಲ್ಲ. ವಿಶ್ವವಿದ್ಯಾಲಯ ಇದನ್ನು ಶೈಕ್ಷಣಿಕ ಕೆಲಸವೆಂದು ಪರಿಗಣಿಸಿ ಅಂಕ, ಮನ್ನಣೆ, ಸಾಧ್ಯವಾದರೆ ಗೌರವಧನವನ್ನು ನೀಡಬೇಕು. ಸಂಶೋಧಕನು ಪಾಠಾಂತರವೊಂದನ್ನು ಪತ್ತೆಹಚ್ಚಿದರೆ ಅದು ಸಂಶೋಧನೆ, ಪರದೆಯ ಮೇಲಿನ ಪಾಠದೋಷವನ್ನು ಪತ್ತೆಹಚ್ಚಿ ತಿದ್ದಿಸಿದರೆ ಅದು ಹವ್ಯಾಸ ಎಂಬ ಭೇದಕ್ಕೆ ಶಾಸ್ತ್ರೀಯ ಆಧಾರವಿಲ್ಲ.

ಇಂಗ್ಲಿಷಿನಲ್ಲಿಯೇ ವರದಿ ಬರೆಯಬೇಕಾದ ಅನಿವಾರ್ಯತೆ ಭಾಷಿಕ ಯಜಮಾನಿಕೆಯನ್ನು ಒಪ್ಪಿಕೊಂಡಂತಲ್ಲವೆ ಎಂಬ ಪ್ರಶ್ನೆಯೂ ಉಂಟು. ಆ ಯಜಮಾನಿಕೆ ನಿಜ. ಆದರೆ ಅದನ್ನು ಮೌನದಿಂದ ಎದುರಿಸಲಾಗದು. ಪ್ರತಿಯೊಂದು ವರದಿಯ ಕನ್ನಡ ಪಾಠವೂ ನಮ್ಮಲ್ಲಿ ಉಳಿಯುತ್ತ ಹೋದರೆ ದೋಷವನ್ನು ವರ್ಣಿಸುವ ಒಂದು ಕನ್ನಡ ಪರಿಭಾಷೆ ತಾನಾಗಿಯೇ ಬೆಳೆಯುತ್ತದೆ. ಸಮಿತಿಗಳು ಕುಳಿತು ಟಂಕಿಸುವ ಪಾರಿಭಾಷಿಕ ಪದಗಳಿಗಿಂತ ಕೆಲಸದೊಳಗಿಂದ ಹುಟ್ಟಿದ ಪದಗಳಿಗೆ ಬಾಳಿಕೆ ಹೆಚ್ಚು.

ಒಟ್ಟಾರೆಯಾಗಿ ಹೇಳುವುದಾದರೆ, ಸ್ವಯಂಸೇವಾ ತಂತ್ರಾಂಶವು ಓದುಗನಿಗೆ ತಿದ್ದುವ ಅಧಿಕಾರವನ್ನು ಕೊಟ್ಟಿರುವ ಅಪರೂಪದ ಬರಹಲೋಕ. ಆ ಅಧಿಕಾರ ಬಲ್ಲವರು ಬಳಸಿದಾಗ ಮಾತ್ರ ಫಲ ಕೊಡುತ್ತದೆ. ೞಕಾರದ ಹೆಸರನ್ನು ಇನ್ನು ತಿದ್ದಲು ಬಾರದು. ತಿದ್ದಲು ಬರುವ ತಪ್ಪುಗಳು ಇನ್ನೂ ಬೇಕಾದಷ್ಟಿವೆ. ಅವುಗಳನ್ನು ಸಕಾಲದಲ್ಲಿ, ಸಾಕ್ಷ್ಯದೊಡನೆ, ತಿದ್ದುವವರ ಶ್ರಮಕ್ಕೆ ಗೌರವ ತೋರಿಸುತ್ತ ತಿಳಿಸುವುದು ಕನ್ನಡವನ್ನು ಓದುವುದೇ ವೃತ್ತಿಯಾಗಿರುವ ನಮ್ಮ ಕರ್ತವ್ಯ.